ವೈಬ್ರೇಷನ್ ನೋಡೋಕೆ ಮೂರು ದಾರಿ, ನನ್ನ ಓಟು ಪೈಥಾನ್‌ಗೆ

ಮಂಡ್ಯ, ಮದ್ದೂರು ಕಡೆಯ ರೈಸ್ ಮಿಲ್‌ಗಳಲ್ಲಿ ಮೋಟಾರ್, ಬ್ಲೋವರ್, ಭತ್ತ ಮೇಲಕ್ಕೆತ್ತುವ ಎಲಿವೇಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆಲೆಮನೆಯವರೂ ಆಗಾಗ ಕರೆಯುತ್ತಾರೆ. ಯಂತ್ರ ಕೆಡುತ್ತಿದ್ದರೆ ಅದರ ವೈಬ್ರೇಷನ್‌ನಲ್ಲೇ, ಅಂದರೆ ನಡುಕದಲ್ಲೇ, ಸುಳಿವು ಸಿಗುತ್ತದೆ. ಅದನ್ನು ಅಳೆಯೋಕೆ ಅಂತ ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತೆಗೆದುಕೊಂಡೆ, ಕಂಪನಿ ಹೆಸರು ಬೇಡ. ನೋಡೋಕೆ ಚೆನ್ನಾಗಿದೆ. ಆದರೆ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ, ಬೀಗದ ಕೈಯಂಥ ಕಡ್ಡಿ) ಹಾಕದಿದ್ದರೆ ತೆರೆಯುವುದಿಲ್ಲ, ವರ್ಷದ ಲೈಸೆನ್ಸ್ ಮುಗಿದ ಮೇಲೆ ನಾನೇ ಅಳೆದಿಟ್ಟ ಹಳೇ ರೀಡಿಂಗ್‌ಗಳನ್ನೂ ತೋರಿಸುವುದಿಲ್ಲ. ಹೊರಗೆ ತೆಗೆಯೋಣ ಅಂದರೆ ಗ್ರಾಫಿನ ಚಿತ್ರ ಮಾತ್ರ ಸಿಗುತ್ತದೆ, ಸಿಗ್ನಲ್, ಅಂದರೆ ಅಳೆದ ಅಂಕಿಗಳು, ಸಿಗುವುದಿಲ್ಲ. ನಾನು ಅಳೆದದ್ದನ್ನು ನಾನೇ ನೋಡೋಕೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕಾ?

ಎರಡನೆಯದು ಫೋನ್. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಆ್ಯಪ್ ಪುಕ್ಕಟೆ, ಫೋನಿನ ಸೆನ್ಸರ್‌ನಲ್ಲೇ ನಡುಕ ಅಳೆಯುತ್ತದೆ. ಬ್ಲೋವರ್ ರೆಕ್ಕೆಗೆ ತೌಡು ಮೆತ್ತಿಕೊಂಡು ತೂಕ ಏರುಪೇರಾಗಿದ್ದರೆ ಇಷ್ಟೇ ಸಾಕು. ನಿಮಿಷಕ್ಕೆ 1440 ಸುತ್ತು ಅಂದರೆ 24 ಹರ್ಟ್ಸ್ (ಸೆಕೆಂಡಿಗೆ 24 ಸಲ), ಗ್ರಾಫಿನಲ್ಲಿ ಅಲ್ಲೊಂದು ಗೂಟ ಎದ್ದು ಕಾಣುತ್ತದೆ. ಆದರೆ ಫೋನಿನ ಸೆನ್ಸರ್ ಸೆಕೆಂಡಿಗೆ ಸಾಮಾನ್ಯವಾಗಿ ಕೆಲವು ನೂರು ಸಲ ಮಾತ್ರ ಅಳೆಯುತ್ತದೆ, ಅದರ ಅರ್ಧದಷ್ಟು ಹರ್ಟ್ಸ್‌ವರೆಗೆ ಮಾತ್ರ ಅದಕ್ಕೆ ಕಣ್ಣು. ಬೇರಿಂಗ್ ವಿಷಯಕ್ಕೆ ಅದನ್ನು ನಂಬಬೇಡಿ.

ಯಾಕೆ ಅಂದರೆ, 6205 ಅನ್ನುವ ಸೈಜಿನ ಬೇರಿಂಗಿನ ಹೊರ ರೇಸ್‌ನಲ್ಲಿ (ಬಾಲ್‌ಗಳು ಉರುಳುವ ಹೊರಗಿನ ಬಳೆಯಲ್ಲಿ) ಒಂದು ಗುಳಿ ಬಿದ್ದಿದೆ ಅಂದುಕೊಳ್ಳಿ. ಒಳಗಿರುವ 9 ಬಾಲ್‌ಗಳು ಅದರ ಮೇಲೆ ಹಾಯುವಾಗ ಶಾಫ್ಟಿನ ಒಂದು ಸುತ್ತಿಗೆ ಸುಮಾರು 3.58 ಏಟು ಬೀಳುತ್ತದೆ, 1440 ಸುತ್ತಿನಲ್ಲಿ ಅದು 86 ಹರ್ಟ್ಸ್. ಶುರುವಿನಲ್ಲಿ ಏಟು ತುಂಬಾ ಸಣ್ಣದು, ಕಬ್ಬಿಣ ಠಣ್ ಅನ್ನುವುದು ಸಾವಿರಾರು ಹರ್ಟ್ಸ್‌ನಲ್ಲಿ. ಆ ಠಣ್ ಹಿಡಿದು, ಅದು ಎಷ್ಟು ಸಲ ಆಗುತ್ತಿದೆ ಅಂತ ಎಣಿಸಬೇಕು. ಎನ್ವಲಪ್ ಅನ್ನುವುದು ಇದಕ್ಕೇ.

ಮೂರನೆಯ ದಾರಿ ಇದಕ್ಕೇ. ಯುಎಸ್‌ಬಿ ಸೆನ್ಸರ್ ಒಂದು ತೆಗೆದುಕೊಂಡರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಕೆಲವೇ ಸಾಲಿನ ಕೆಲಸ. ಅದರ ಸೈಪೈ ಅನ್ನುವ ಲೆಕ್ಕದ ಲೈಬ್ರರಿಯಲ್ಲಿ ಠಣ್ ಬೇರೆ ಮಾಡೋಕೆ ಫಿಲ್ಟರ್ ಇದೆ, ಅದರ ಏರಿಳಿತದ ಹೊರಗೆರೆ ಎಳೆಯೋಕೆ ಹಿಲ್ಬರ್ಟ್ ಇದೆ, ಯಾವ ಹರ್ಟ್ಸ್ ಎಷ್ಟಿದೆ ಅಂತ ಬಿಡಿಸೋಕೆ ಎಫ್‌ಎಫ್‌ಟಿ ಇದೆ. ಒಂದು ಮಿಲ್ಲಿನ ಎಲಿವೇಟರ್‌ನ ಎರಡು ಎಚ್‌ಪಿ ಮೋಟಾರಿನಲ್ಲಿ ಫೋನ್ ಬರೀ 24 ತೋರಿಸಿತು. ಪೈಥಾನ್‌ನಲ್ಲಿ 86, ಜೊತೆಗೆ ಅದರ ದುಪ್ಪಟ್ಟು 172. ಬಿಚ್ಚಿದರೆ ಹೊರ ರೇಸ್‌ನಲ್ಲಿ ಸಾಸಿವೆಯಷ್ಟು ಗುಳಿ. ಕಲಿಯೋಕೆ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು ಬೇಕಂತಲೇ ಗಾಯ ಮಾಡಿದ ಬೇರಿಂಗ್‌ಗಳ ಡೇಟಾ ಪುಕ್ಕಟೆ ಇಟ್ಟಿದ್ದಾರೆ, ಅದರಲ್ಲೂ ಇದೇ 6205 ಇದೆ.

ಈಗ ನನ್ನ ತಲೆ ತಿಂದ ವಿಷಯ. ಇಂಥ ಸೆನ್ಸರ್ ಲ್ಯಾಪ್‌ಟಾಪ್‌ಗೆ ಮೈಕ್ ಅಂತ ಕಾಣುತ್ತದೆ. ಒಂದು ಬ್ಲೋವರ್ ಮೋಟಾರ್ ಬೆಳಿಗ್ಗೆ ನಡುಕದ ವೇಗ ಸೆಕೆಂಡಿಗೆ 2.1 ಮಿಲಿಮೀಟರ್ ಅಂತ ತೋರಿಸಿತು, ಮಧ್ಯಾಹ್ನ ಅದೇ ಮೋಟಾರ್, ಅದೇ ಜಾಗ, ಅದೇ ಲೋಡ್, 6.3. ಹದಿನೈದು ಕಿಲೋವ್ಯಾಟ್ ಒಳಗಿನ ಯಂತ್ರಕ್ಕೆ ನಡುಕಕ್ಕಿದ್ದ ಹಳೇ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 10816ರ ಪಟ್ಟಿಯಲ್ಲಿ 4.5 ದಾಟಿದರೆ ಅಪಾಯ. ಓನರ್ ಪಕ್ಕದಲ್ಲೇ ನಿಂತಿದ್ದಾರೆ, 'ಏನಪ್ಪಾ, ಮಿಲ್ ನಿಲ್ಲಿಸಬೇಕಾ?' ಅಂತಾರೆ. ಫೌಂಡೇಶನ್ ಬೋಲ್ಟ್ ನೋಡಿದೆ, ಬೆಲ್ಟ್ ನೋಡಿದೆ, ಸೆನ್ಸರಿನ ಮ್ಯಾಗ್ನೆಟ್ ಒರೆಸಿ ಮತ್ತೆ ಅಂಟಿಸಿದೆ. ಉಹೂಂ.

ಗ್ರಾಫನ್ನು ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು. ಗೂಟಗಳೆಲ್ಲ ಅದೇ ಜಾಗದಲ್ಲಿವೆ, ಎಲ್ಲದರ ಎತ್ತರವೂ ಸರಿಯಾಗಿ ಮೂರು ಪಟ್ಟು. ನಿಜವಾಗಿ ಕೆಟ್ಟ ಮೋಟಾರಿನಲ್ಲಿ ಹಾಗೆ ಎಲ್ಲವೂ ಒಂದೇ ಅಳತೆಗೆ ಏರುವುದಿಲ್ಲ ಅಲ್ವಾ? ಮಧ್ಯದಲ್ಲಿ ಆಡಿಟರ್ ಜೊತೆ ಮಾತಾಡಿದ್ದ ವಿಡಿಯೋ ಕಾಲ್ ಆ್ಯಪ್, ಮೈಕಿನಲ್ಲಿ ದನಿ ಕಮ್ಮಿ ಇದೆ ಅಂತ ತಾನೇ ಲೆವೆಲ್ ಏರಿಸಿ ಹೋಗಿತ್ತು. ಈಗ ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್, ಲೆವೆಲ್ ಒಂದೇ ಕಡೆ. ಅಳೆಯುವ ಮುಂಚೆ ಪ್ರೋಗ್ರಾಮೇ ಲೆವೆಲ್ ಓದಿ, ಬದಲಾಗಿದ್ದರೆ ನಿಂತುಬಿಡುತ್ತದೆ. ಮೈಸೂರಿನ ಹೆಬ್ಬಾಳದಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯನ ಹತ್ತಿರ ಕೈಯಲ್ಲಿ ಹಿಡಿಯುವ ಕ್ಯಾಲಿಬ್ರೇಟರ್ (ಗೊತ್ತಿರುವ ಅಳತೆಗೆ ನಡುಗಿ ಸೆನ್ಸರ್ ಪರೀಕ್ಷಿಸುವ ಉಪಕರಣ) ಇದೆ. ಅದು 159.2 ಹರ್ಟ್ಸ್‌ನಲ್ಲಿ 10 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಆಕ್ಸಲರೇಷನ್ ಕೊಡುತ್ತದೆ, ವೇಗದ ಲೆಕ್ಕಕ್ಕೆ ಸರಿಯಾಗಿ 10 ಮಿಲಿಮೀಟರ್ ಪರ್ ಸೆಕೆಂಡ್ ಬರಬೇಕು. ಆ ಕಡೆ ಹೋದಾಗೆಲ್ಲ ಒಂದು ಸಲ ಹಿಡಿದು ನೋಡಿಕೊಂಡು ಬರುತ್ತೇನೆ.

ಕಂಪನಿ ಸಾಫ್ಟ್‌ವೇರ್‌ನಲ್ಲಿ ಈ ಕಾಟ ಇಲ್ಲ, ಅದರ ಅಳೆಯುವ ಡಬ್ಬಿಯೇ ಬೇರೆ, ಲ್ಯಾಪ್‌ಟಾಪಿನ ಮೈಕ್ ಅಲ್ಲ. ಅದನ್ನು ಒಪ್ಪಬೇಕು. ನೂರಾರು ಯಂತ್ರ ಇರುವ ಫ್ಯಾಕ್ಟರಿಯಲ್ಲಿ, ಯಾವ ದಿನ ಯಾವುದನ್ನು ಅಳೆಯಬೇಕು ಅಂತ ಅದೇ ನೆನಪಿಸುತ್ತದೆ, ಸಂಬಳ ಕೊಡುವವರೇ ಲೈಸೆನ್ಸೂ ಕಟ್ಟುತ್ತಾರೆ, ಅಂಥವರು ಅದನ್ನೇ ತೆಗೆದುಕೊಳ್ಳಲಿ. ನನಗೆ ಬೈಕಿನ ಬ್ಯಾಗಿನಲ್ಲಿ ಹಿಡಿಸಬೇಕು, ಖರ್ಚು ಒಂದೇ ಸಲ ಆಗಬೇಕು, ರಾತ್ರಿ ಮನೆಯಲ್ಲಿ ಕೂತು ಕೋಡ್ ತಿದ್ದುವ ಚಟ ಹೇಗೂ ಇದೆ.

ರಿಪೋರ್ಟ್ ವಿಷಯ ಒಂದು ಮಾತು. ಕಂಪನಿಯದು ಪುಟಗಟ್ಟಲೆ ಇಂಗ್ಲಿಷ್ ಉಗುಳುತ್ತದೆ, ಯಾರೂ ಓದುವುದಿಲ್ಲ. ನನ್ನದು ಕನ್ನಡದಲ್ಲಿ ಒಂದೇ ಪುಟ. ಗ್ರಾಫಿನ ಒಳಗೆ ಕನ್ನಡ ಹಾಕಿದರೆ ನನ್ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಗ್ರಾಫ್ ಬರೆಯುವ ಪೈಥಾನ್ ಲೈಬ್ರರಿ) ಒತ್ತಕ್ಷರ ಒಡೆದುಹೋಗುತ್ತದೆ, ಹಾಗಾಗಿ ಅಲ್ಲಿ ಬರೀ ಅಂಕಿ ಬಿಟ್ಟು, 'ಎಲಿವೇಟರ್ ಮೋಟಾರ್, ಫ್ಯಾನ್ ಕಡೆ ಬೇರಿಂಗ್ ಬದಲಿಸಿ' ಅನ್ನುವುದನ್ನು ಕೆಳಗೆ ದಪ್ಪಕ್ಷರದಲ್ಲಿ ಬೇರೆಯಾಗಿ ಟೈಪ್ ಮಾಡುತ್ತೇನೆ.