ಜೈಪುರ ಕಾಲು: ತೋಟದ ಕೆಸರಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ನಿಮ್ಮ ಮನೆಯಲ್ಲಿದ್ದರೆ, ಅವರು ದಿನಾ ಹೊಲಕ್ಕೋ ತೋಟಕ್ಕೋ ಇಳಿಯುವವರಾದರೆ, ಜೈಪುರ ಕಾಲು ಎಂಬ ರಬ್ಬರ್ ಪಾದದ ಕೃತಕ ಕಾಲು ಹಾಕಿಸಿ. ಕಣ್ಣು ಮುಚ್ಚಿಕೊಂಡು ಹಾಕಿಸಿ. ಸಿಟಿಯಲ್ಲಿ ಶೂ ಹಾಕಿಕೊಂಡು ಕುರ್ಚಿ ಮೇಲೆ ಕೂತು ಕೆಲಸ ಮಾಡುವವರಾದರೆ ಬೇರೆಯದನ್ನೂ ನೋಡಿ, ಯಾಕೆ ಅಂತ ಮುಂದೆ ಬರೆದಿದ್ದೇನೆ. ಆದರೆ ಈ ಕಾಲಿನ ಬಗ್ಗೆ ಬರೆಯುವಾಗ ನೆಲಬಾಂಬಿನ ಬಗ್ಗೆ ಬರೆಯದೆ ಇರಲು ನನಗೆ ಆಗಲ್ಲ. ನಮ್ಮ ಮನೆಗೆ ಈ ಕಾಲು ಬಂದದ್ದೇ ಅದರಿಂದ.

ನಮ್ಮದು ಗುಬ್ಬಿ ತಾಲ್ಲೂಕು. ತೆಂಗು, ಸ್ವಲ್ಪ ಅಡಿಕೆ, ಮಳೆ ಬಂದರೆ ರಾಗಿ. ಅಪ್ಪ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು, ಬೆಂಗಳೂರಿನ ಹಲಸೂರು ಕೆರೆ ಪಕ್ಕ ಆ ಪಡೆಯ ಕೇಂದ್ರ ಎಂಇಜಿ ಇದೆಯಲ್ಲ, ಅಲ್ಲೇ ಟ್ರೇನಿಂಗ್ ಆದವರು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಸೈನ್ಯ ಪೂರ್ತಿ ಗಡಿಗೆ ಹೋಯಿತು, ಆಪರೇಷನ್ ಪರಾಕ್ರಮ್. ಪಂಜಾಬ್, ರಾಜಸ್ಥಾನ, ಜಮ್ಮು ಕಡೆ ಗಡಿಯುದ್ದಕ್ಕೂ ರೈತರ ಹೊಲಗಳಲ್ಲೇ ಮೈನ್, ಅಂದರೆ ನೆಲಬಾಂಬು, ಹೂಳಿದರು. ಯುದ್ಧ ಆಗಲಿಲ್ಲ. 2002ರ ಅಕ್ಟೋಬರ್‌ನಲ್ಲಿ ವಾಪಸ್ ಬರುವ ತೀರ್ಮಾನವಾಯಿತು. ಹೂತದ್ದನ್ನೆಲ್ಲ ಮತ್ತೆ ತೆಗೆಯಬೇಕಲ್ಲ, ಆ ಕೆಲಸ ಸ್ಯಾಪರ್‌ಗಳದ್ದು. ಹೂತ ಜಾಗದ ನಕ್ಷೆ ಇರುತ್ತದೆ, ಆದರೆ ರಾಜಸ್ಥಾನದ ಮರಳು ನಕ್ಷೆಯ ಮಾತು ಕೇಳಲ್ಲ, ಗಾಳಿಗೆ ಸರಿಯುತ್ತದೆ, ಅದರ ಜೊತೆ ಮೈನೂ ಸರಿಯುತ್ತದೆ. 2003ರಲ್ಲಿ ಅಪ್ಪನ ಎಡಗಾಲು ಅಂಥ ಒಂದರ ಮೇಲೆ ಬಿತ್ತು. ನಾನಾಗ ಪ್ರೈಮರಿ ಸ್ಕೂಲು.

ಆ ಮೈನ್ ಎಷ್ಟು ದೊಡ್ಡದು ಅಂತ ತುಂಬಾ ಜನ ಕೇಳುತ್ತಾರೆ, ಸಿನಿಮಾದಲ್ಲಿ ತಟ್ಟೆಯಷ್ಟು ದೊಡ್ಡದನ್ನು ನೋಡಿರುತ್ತಾರೆ. ಅದು ಟ್ಯಾಂಕಿಗೆ ಇಡುವುದು. ಮನುಷ್ಯರಿಗೆ ಇಡುವ ಎಂ-14 ಮಾದರಿ ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು: ಅಗಲ 5.6 ಸೆಂಟಿಮೀಟರ್, ಎತ್ತರ 4, ತೂಕ 100 ಗ್ರಾಂ ಆಸುಪಾಸು, ಒಳಗಿನ ಮದ್ದು 29 ಗ್ರಾಂ. ಮೂಲ ಅಮೆರಿಕದ ವಿನ್ಯಾಸ, ನಮ್ಮಲ್ಲೂ ಅದೇ ಮಾದರಿಯದನ್ನು ಮಾಡುತ್ತಾರೆ. 29 ಗ್ರಾಂ ಮದ್ದಿಗೆ ಸಾಮಾನ್ಯವಾಗಿ ಜೀವ ಹೋಗಲ್ಲ, ಪಾದ ಹೋಗುತ್ತದೆ. ಲೆಕ್ಕ ಇರುವುದೂ ಅಷ್ಟೇ. ಸತ್ತವನನ್ನು ಬಿಟ್ಟು ಮುಂದೆ ಹೋಗಬಹುದು, ಕಾಲು ಹೋಗಿ ಕೂಗುತ್ತಿರುವವನನ್ನು ಬಿಟ್ಟು ಹೋಗಲು ಆಗುತ್ತಾ? ಅವನನ್ನು ಹೊರಲು ಇನ್ನೂ ನಾಲ್ಕು ಜನ ಬೇಕು, ಡಾಕ್ಟರ್ ಬೇಕು, ಗಾಡಿ ಬೇಕು. ಅಷ್ಟೂ ಜನ ಯುದ್ಧದಿಂದ ಹೊರಗೆ. ಇದನ್ನು ಯಾರೋ ಕೂತು ಯೋಚಿಸಿ ಅಳತೆ ಹಾಕಿ ಮಾಡಿದ್ದಾರೆ ಅನ್ನುವುದೇ ನನಗೆ ಇವತ್ತಿಗೂ ಅರಗದ ವಿಷಯ.

ಇನ್ನೊಂದು ಸಂಗತಿ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಹಳೆಯ ಎಂ-14ರಲ್ಲಿ ಪ್ಲಾಸ್ಟಿಕ್ಕೇ ಪೂರ್ತಿ, ಲೋಹ ಅಂದರೆ ಒಂದು ಸಣ್ಣ ಮೊಳೆ ತುದಿ, ಡಿಟೆಕ್ಟರ್ ಹಿಡಿದರೂ ಸದ್ದು ಬರುವುದು ಕಷ್ಟ. 1996ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇಂಥ ಮೈನ್‌ಗಳಲ್ಲಿ ಕನಿಷ್ಠ 8 ಗ್ರಾಂ ಕಬ್ಬಿಣದಷ್ಟು ಸುಳಿವು ಇರಲೇಬೇಕು ಅಂತ ಬಂತು. ಅದಕ್ಕೆ ಭಾರತವೂ ಒಪ್ಪಿದೆ. ಅಪ್ಪ ಇದನ್ನು ಹೇಳುವಾಗ ಪ್ರತಿ ಸಲ ಎಂಟು ಗ್ರಾಂ ಅನ್ನುವುದನ್ನು ಒತ್ತಿ ಹೇಳುತ್ತಾರೆ. ಆ ಎಂಟು ಗ್ರಾಂ ಕಬ್ಬಿಣದಿಂದ ತನ್ನ ಜೊತೆಯವರು ಎಷ್ಟೋ ಜನ ಎರಡು ಕಾಲಲ್ಲಿ ಮನೆಗೆ ಹೋದರು ಅನ್ನುವುದು ಅವರ ಲೆಕ್ಕ.

ಡಿಟೆಕ್ಟರ್ ಸದ್ದು ಮಾಡಿದ ಮೇಲೂ ಕೈಕೆಲಸ ಇದ್ದೇ ಇದೆ. ಒಮ್ಮೆ ತೆಂಗಿನ ಬುಡದ ಪಾತಿಯಲ್ಲಿ ಛತ್ರಿಯ ಕಡ್ಡಿ ಹಿಡಿದು ತೋರಿಸಿದ್ದರು. ಹೊಟ್ಟೆ ಮೇಲೆ ಮಲಗಬೇಕು. ಕಡ್ಡಿಯನ್ನು ನೇರ ಕೆಳಗೆ ಚುಚ್ಚಬಾರದು, ಮೂವತ್ತು ಡಿಗ್ರಿ ಓರೆಯಾಗಿ, ನಿಧಾನಕ್ಕೆ, ಮೈನಿನ ನೆತ್ತಿಗೆ ತಾಗದೆ ಪಕ್ಕೆಗೆ ತಾಗುವ ಹಾಗೆ. ಎರಡು ಬೆರಳು ಅಗಲಕ್ಕೆ ಇನ್ನೊಂದು ಚುಚ್ಚು. ಮತ್ತೆ ಎರಡು ಬೆರಳು. ಒಂದು ಪಾತಿ ಮುಗಿಯುವ ಹೊತ್ತಿಗೆ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಅವರು ಇದನ್ನು ಎಕರೆಗಟ್ಟಲೆ ಮಾಡಿದ್ದಾರೆ.

ನೆಲಬಾಂಬು ಹೊಸದೇನಲ್ಲ. ಚೀನಾದಲ್ಲಿ ಹದಿನಾಲ್ಕನೇ ಶತಮಾನಕ್ಕೇ ಇತ್ತು. ತುಳಿದರೆ ಸಿಡಿಯುವುದನ್ನು ದಾರಿಯಲ್ಲಿ ಹೂತು ಹೋಗುವ ಕೆಲಸ ಅಮೆರಿಕದ ಅಂತರ್ಯುದ್ಧದಲ್ಲಿ ಜೋರಾಯಿತು. 1862ರಲ್ಲಿ ದಕ್ಷಿಣದವರ ಗೇಬ್ರಿಯಲ್ ರೇನ್ಸ್ ವರ್ಜೀನಿಯಾದಲ್ಲಿ ಹಿಂದೆ ಸರಿಯುವಾಗ ಫಿರಂಗಿ ಗುಂಡುಗಳನ್ನು ರಸ್ತೆಯಲ್ಲಿ ಹೂತ. ಅವನ ಕಡೆಯ ಜನರಲ್ ಲಾಂಗ್‌ಸ್ಟ್ರೀಟ್‌ಗೇ ಅದು ಸರಿ ಕಾಣಲಿಲ್ಲ, ಬೇಡ ಅಂದ. ಎರಡು ವರ್ಷದ ಮೇಲೆ ಉತ್ತರದ ಶೆರ್ಮನ್ ತನ್ನ ಅಧಿಕಾರಿಯೊಬ್ಬನ ಕಾಲು ಹಾರಿಹೋದದ್ದನ್ನು ನೋಡಿ ಕೆಂಡವಾದ, ಸೆರೆ ಸಿಕ್ಕ ದಕ್ಷಿಣದವರ ಕೈಯಲ್ಲೇ ಆ ರಸ್ತೆ ಅಗೆಸಿದ. ನೂರೈವತ್ತು ವರ್ಷದ ಹಿಂದೆ ಸೈನಿಕರಿಗೇ ಅಸಹ್ಯ ಅನಿಸಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ ಮಾಮೂಲಾಯಿತು. 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್‌ನಲ್ಲಿ ಜರ್ಮನಿಯ ಸೇನಾಪತಿ ರೊಮ್ಮೆಲ್ ಸುಮಾರು ಐದು ಲಕ್ಷ ಮೈನ್ ಹೂಳಿಸಿದ್ದ. ಆ ಮರಳಿನಲ್ಲಿ ಇವತ್ತಿಗೂ ಉಳಿದಿವೆ.

ಇದರಲ್ಲಿ ನಮ್ಮವರ ಪಾಲೂ ಇದೆ, ಅದನ್ನು ಯಾರೂ ಹೇಳಲ್ಲ ಅನ್ನುವುದು ನನ್ನ ಸಂಕಟ. 1941ರಲ್ಲಿ ಪ್ರೇಮಿಂದ್ರ ಸಿಂಗ್ ಭಗತ್ ಎಂಬ ಸ್ಯಾಪರ್ ಅಧಿಕಾರಿ ಆಫ್ರಿಕಾದಲ್ಲಿ 96 ಗಂಟೆ ಬಿಡದೆ 55 ಮೈಲಿ ದಾರಿಯಲ್ಲಿ 15 ಮೈನ್‌ಫೀಲ್ಡ್ ತೆರವು ಮಾಡಿ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದರು. 1944ರಲ್ಲಿ ಇಟಲಿಯಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ ಜೊತೆಯವರನ್ನು ಉಳಿಸಲು ಸಿಡಿಯಲಿದ್ದ ಮೈನ್ ಮೇಲೆ ತಾವೇ ಬಿದ್ದರು, ತೀರಿಹೋದ ಮೇಲೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಬಂತು. ಕೊಳವೆಯಲ್ಲಿ ಮದ್ದು ತುಂಬಿ ಮುಂದೆ ತಳ್ಳಿ ಮುಳ್ಳುತಂತಿಯನ್ನೂ ಮೈನ್‌ಗಳನ್ನೂ ದೂರದಿಂದ ಸಿಡಿಸುವ ಬ್ಯಾಂಗಲೋರ್ ಟಾರ್ಪಿಡೊ 1912ರಲ್ಲಿ ನಮ್ಮ ಬೆಂಗಳೂರಲ್ಲೇ, ಇದೇ ಮದ್ರಾಸ್ ಸ್ಯಾಪರ್ಸ್‌ನ ಮೆಕ್ಲಿಂಟಾಕ್ ಕೈಯಲ್ಲಿ ಹುಟ್ಟಿದ್ದು. ತುಮಕೂರಿಂದ ಎಪ್ಪತ್ತು ಕಿಲೋಮೀಟರ್ ದೂರ. ನಮ್ಮ ಮಕ್ಕಳ ಪಾಠದಲ್ಲಿ ಇದು ಇರಬೇಕಿತ್ತು ಅಲ್ವಾ?

ಈಗ ಕಾಲಿಗೆ ಬರೋಣ.

ಅಪ್ಪನಿಗೆ ಮೊದಲ ಕಾಲು ಹಾಕಿದ್ದು ಪುಣೆಯಲ್ಲಿ, ಸೈನ್ಯದ ಕೃತಕ ಅಂಗ ಕೇಂದ್ರದಲ್ಲಿ. 1944ರಿಂದ ಇರುವ ಜಾಗ ಅದು. ಬರೀ ಕಾಲು ಕೊಡಲಿಲ್ಲ, ನಡೆಯುವುದನ್ನೂ ಕಲಿಸಿದರು. ಆ ಕಾಲಿಗೆ ಶೂ ಹಾಕಿ ಪ್ಯಾಂಟ್ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗಲೂ ಮದುವೆ ಮುಂಜಿಗೆ, ಬ್ಯಾಂಕಿಗೆ ಅಂಥದ್ದನ್ನೇ ಹಾಕುತ್ತಾರೆ. ಆದರೆ ಪೆನ್ಷನ್ ತಗೊಂಡು ಊರಿಗೆ ಬಂದ ಮೇಲೆ ಅಪ್ಪ ಶೂ ಹಾಕಿ ತೋಟಕ್ಕೆ ಇಳಿಯುವವರಲ್ಲ. ನಮ್ಮ ಕಡೆ ಯಾರು ತಾನೇ ಇಳಿಯುತ್ತಾರೆ? ನೀರು ಕಟ್ಟಬೇಕು, ಬದು ಹತ್ತಬೇಕು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳಬೇಕು. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗಲು ಆಗಲ್ಲ.

ಜೈಪುರ ಕಾಲು ಹುಟ್ಟಿದ್ದೇ ಇದಕ್ಕೆ. 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಮೂಳೆ ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದರು. ಶರ್ಮ ಅವರು ಜಾಸ್ತಿ ಓದಿದವರಲ್ಲ, ಆದರೆ ಕೈಯಲ್ಲಿ ವಿದ್ಯೆ ಇತ್ತು. ಆಸ್ಪತ್ರೆಯಿಂದ ಬೂಟಿನ ಕಾಲು ಪಡೆದ ರೈತರು ಅದನ್ನು ಮೂಲೆಗೆ ಎಸೆದು ಮತ್ತೆ ಊರುಗೋಲು ಹಿಡಿಯುವುದನ್ನು ಇಬ್ಬರೂ ನೋಡಿದ್ದರು. ಲಾರಿ ಟೈರ್ ರಿಟ್ರೇಡ್ ಮಾಡುವ ಹಾಗೆ ರಬ್ಬರನ್ನು ಅಚ್ಚಲ್ಲಿ ಬೇಯಿಸಿ ಬೆರಳು, ಹಿಮ್ಮಡಿ ಎಲ್ಲ ಇರುವ ಪಾದ ಮಾಡಿದರು. ಒಳಗೆ ಹರಡಿನ ಜಾಗದಲ್ಲಿ ಮರದ ತುಂಡು, ಹಿಮ್ಮಡಿಗೂ ಮುಂಗಾಲಿಗೂ ಮೆತ್ತನೆಯ ರಬ್ಬರು, ಮೇಲೆ ಗಟ್ಟಿ ರಬ್ಬರಿನ ಹೊದಿಕೆ. ಆದ್ದರಿಂದಲೇ ಅದು ಮೇಲೆ ಕೆಳಗೆ ಬಾಗುತ್ತದೆ, ಪಕ್ಕಕ್ಕೂ ವಾಲುತ್ತದೆ. ಕಲ್ಲಿನ ಮೇಲೆ ಇಟ್ಟರೆ ಕಲ್ಲಿಗೆ ಹೊಂದಿಕೊಳ್ಳುತ್ತದೆ. ನೀರು ಕುಡಿಯಲ್ಲ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮ ಅವರ ಹೆಸರು ಅಷ್ಟಾಗಿ ಯಾರೂ ಹೇಳಲ್ಲ, ಅದು ನನಗೆ ಬೇಜಾರು. ಮುಂದೆ ಅಫ್ಘಾನಿಸ್ತಾನದಲ್ಲಿ, ಕಾಂಬೋಡಿಯಾದಲ್ಲಿ ಮೈನ್ ತುಳಿದ ರೈತರಿಗೆ ಇದೇ ಪಾದ ಹೋಯಿತು. ಅವರೂ ಬರಿಗಾಲವರು, ನೆಲದ ಮೇಲೆ ಕೂರುವವರು.

ಬಳಕೆಯಲ್ಲಿ ಹೇಗಿದೆ ಅಂತ ಹೇಳುತ್ತೇನೆ. ಅಪ್ಪ ಇದನ್ನು ಹಾಕಿಕೊಂಡು ನೀರು ಬಿಟ್ಟ ಅಡಿಕೆ ತೋಟದಲ್ಲಿ ನಡೆಯುತ್ತಾರೆ. ಕೆಸರಲ್ಲಿ ಹೂತರೂ ಕಿತ್ತುಕೊಂಡು ಬರಲ್ಲ, ಮಂಡಿ ಮೇಲಿನ ಪಟ್ಟಿ ಸರಿಯಾಗಿ ಬಿಗಿದಿರಬೇಕು ಅಷ್ಟೇ. ಆಮೇಲೆ ಪೈಪ್ ಹಿಡಿದು ಎರಡೂ ಕಾಲು ಒಟ್ಟಿಗೆ ತೊಳೆದುಕೊಂಡು ಒಳಗೆ ಬರುತ್ತಾರೆ. ಕುಕ್ಕರಗಾಲಲ್ಲಿ ಕೂರುತ್ತಾರೆ. ಸಿದ್ಧಗಂಗಾ ಮಠಕ್ಕೆ ಹೋದಾಗ ದಾಸೋಹದ ಪಂಕ್ತಿಯಲ್ಲಿ ಎಲ್ಲರ ಜೊತೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಊಟ ಮಾಡಿದರು, ಅದಕ್ಕೆ ಮುಂಚೆ ಎಷ್ಟೋ ವರ್ಷ ಬೆಂಚು ಹುಡುಕುತ್ತಿದ್ದರು. ಅವತ್ತು ಅಮ್ಮ ಬಡಿಸುವವರ ಕಡೆ ನೋಡದೆ ಅಪ್ಪನ ಕಾಲನ್ನೇ ನೋಡುತ್ತಿದ್ದಳು.

ದುಡ್ಡಿನ ವಿಷಯ. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಜೈಪುರದಲ್ಲಿ ಶುರು ಮಾಡಿದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಪುಕ್ಕಟೆ ಕೊಡುತ್ತದೆ. ನಮ್ಮ ಕಡೆ ಬೇರೆ ಬೇರೆ ಸಂಘದವರು ನಡೆಸುವ ಶಿಬಿರಗಳಲ್ಲೂ ಹಣ ಕೇಳಲ್ಲ. ಕೆಲಸವೂ ಬೇಗ. ಮೋಟಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ, ಎಚ್‌ಡಿಪಿಇ ಪೈಪನ್ನು ಕಾಯಿಸಿ ಆ ಅಚ್ಚಿನ ಮೇಲೆ ಎಳೆಯುತ್ತಾರೆ. ನಾವು ಬೋರ್‌ವೆಲ್‌ನಿಂದ ತೊಟ್ಟಿಗೆ ಎಳೆಯುವ ಪೈಪಿನ ಜಾತಿಯದೇ. ಕಾದ ಪೈಪು ಮೆತ್ತಗಾಗಿ ಅಚ್ಚಿಗೆ ಅಂಟುವಾಗ ಇಬ್ಬರು ಕೈಗವಸು ಹಾಕಿ ಒತ್ತಿ ಹಿಡಿಯುತ್ತಾರೆ, ತಣ್ಣಗಾದ ಮೇಲೆ ಅಂಚು ಕತ್ತರಿಸಿ ಉಜ್ಜಿ ಪಾದ ಕೂರಿಸುತ್ತಾರೆ. ಬೆಳಗ್ಗೆ ಅಳತೆ ಕೊಟ್ಟರೆ ಸಂಜೆಗೆ ಕಾಲು.

ಕೊರತೆಗಳೂ ಇವೆ. ಬೇಸಿಗೆಯಲ್ಲಿ ಮೋಟು ಕೂರುವ ಸಾಕೆಟ್ ಒಳಗೆ ಬೆವರು ವಿಪರೀತ, ಮಧ್ಯಾಹ್ನ ಒಮ್ಮೆ ಬಿಚ್ಚಿ ಒರೆಸಿ ಸಾಕ್ಸ್ ಬದಲಾಯಿಸದಿದ್ದರೆ ಚರ್ಮ ಕೆಂಪಗಾಗಿ ಗುಳ್ಳೆ ಏಳುತ್ತದೆ. ಪಾದ ಭಾರ, ದಿನಪೂರ್ತಿ ಹಾಕಿದರೆ ಸಂಜೆಗೆ ತೊಡೆ ಸೋಲುತ್ತದೆ. ರಬ್ಬರು ಬೆರಳಿನ ಬುಡದಲ್ಲಿ ಮೊದಲು ಬಿರುಕು ಬಿಡುತ್ತದೆ. ಗಟ್ಟಿಯಾಗಿ ಬಳಸಿದರೆ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ, ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಶೂ ಹಾಕುವವರಿಗೆ ಬೇರೆಯದನ್ನೂ ನೋಡಿ ಅಂದದ್ದು ಈ ಭಾರಕ್ಕೆ, ಈಗ ಹಗುರವಾದ ಪಾದಗಳು ಬಂದಿವೆ.

ನಾವು ಹೋದ ಮೊದಲ ಶಿಬಿರ ಚೆನ್ನಾಗಿರಲಿಲ್ಲ. ಒಂಟಿ ಕಾಲಿನವರನ್ನು ಬಿಸಿಲಲ್ಲಿ ನಿಲ್ಲಿಸಿ ಭಾಷಣ, ಆಮೇಲೆ ಫೋಟೋ, ಆಮೇಲೆ ಅವಸರದಲ್ಲಿ ಅಳತೆ. ಸಾಕೆಟ್ಟಿನ ಅಂಚು ಮಂಡಿಯ ಹಿಂದೆ ಕಚ್ಚಿ ವಾರದೊಳಗೆ ಗಾಯವಾಯಿತು. ಬೇರೆ ಕಡೆ ಒಬ್ಬ ಟೆಕ್ನೀಷಿಯನ್ ಅಂಚನ್ನು ಮತ್ತೆ ಕಾಯಿಸಿ ಹೊರಗೆ ಬಗ್ಗಿಸಿ ಕೊಟ್ಟ ಮೇಲೆ ಸರಿಹೋಯಿತು. ಅರ್ಧ ಗಂಟೆಯ ಕೆಲಸ ಅದು. ಕಾಲು ಕೊಡುವವರು ಅಂಚು ನೋಡುವಷ್ಟು ಸಹನೆ ತೋರಿಸಬೇಕು, ಪುಕ್ಕಟೆ ಕೊಡುತ್ತೇವೆ ಅನ್ನುವುದು ಅದಕ್ಕೆ ಉತ್ತರ ಅಲ್ಲ.

ಈ ಬರಹಕ್ಕೆ ಈಗ ಕೂತದ್ದಕ್ಕೆ ಕಾರಣ ಇದೆ. 1997ರಲ್ಲಿ ಒಟ್ಟಾವದಲ್ಲಿ ಮನುಷ್ಯರಿಗೆ ಇಡುವ ಮೈನ್ ಬೇಡ ಅಂತ ಒಪ್ಪಂದ ಆಯಿತು, ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿಯೂ ಅದಕ್ಕೆ ಹೋರಾಡಿದ ಜೋಡಿ ವಿಲಿಯಮ್ಸ್ ಮತ್ತು ಅವರ ಸಂಘಟನೆಗೆ ಬಂತು. ಭಾರತ, ಪಾಕಿಸ್ತಾನ, ಚೀನಾ, ರಷ್ಯಾ, ಅಮೆರಿಕ ಸೇರಲಿಲ್ಲ. ಸೇರಿದ್ದವರಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಫಿನ್‌ಲ್ಯಾಂಡ್, ಪೋಲೆಂಡ್ 2025ರಲ್ಲಿ ಹೊರಗೆ ಬರುವ ತೀರ್ಮಾನ ಮಾಡಿದವು, ರಷ್ಯಾದ ಭಯಕ್ಕೆ. ಅಪ್ಪ ಅವರನ್ನು ಬೈಯಲಿಲ್ಲ. "ಗಡಿ ಕಾಯೋರ ಕಷ್ಟ ನಂಗೊತ್ತು ಕಣಮ್ಮ, ಆದ್ರೆ ತೆಗೆಯೋನ್ ಕಷ್ಟಾನೂ ಗೊತ್ತು" ಅಂದರು. ನನಗೆ ಅಷ್ಟು ಸಮಾಧಾನ ಇಲ್ಲ. ಯುದ್ಧ ನಿಂತ ಮೇಲೂ ಹಸು ಮೇಯಿಸಲು ಹೋದ ಹುಡುಗನ ಕಾಲು ತೆಗೆಯುವ ಆಯುಧವನ್ನು ಯಾವ ಕಾರಣಕ್ಕೂ ಹೂಳಬಾರದು ಅಂತಲೇ ನನ್ನ ಅಭಿಪ್ರಾಯ, ನಮ್ಮ ದೇಶಕ್ಕೂ ಸೇರಿಸಿ.

ಕೊನೆಯದಾಗಿ, ಹಾಕಿಸಲು ಹೋಗುವವರಿಗೆ. ಗಾಯ ಪೂರ್ತಿ ಮಾಗಿ ಮೋಟಿನ ಊತ ಇಳಿದ ಮೇಲೆ ಹೋಗಿ, ಊತ ಇರುವಾಗ ಅಳತೆ ಕೊಟ್ಟರೆ ಆಮೇಲೆ ಸಡಿಲವಾಗುತ್ತದೆ. ಆಧಾರ್, ಅಂಗವಿಕಲರ ಕಾರ್ಡ್ ಜೊತೆಗಿರಲಿ. ಹತ್ತಿಯ ಸಾಕ್ಸ್ ಜಾಸ್ತಿ ಕೇಳಿ ತಗೊಳ್ಳಿ. ಮಂಡಿಯ ಮೇಲೆ ಕಾಲು ಹೋದವರಿಗೆ ಇದೇ ಪಾದದ ಜೊತೆ ಜೈಪುರ ನೀ ಎಂಬ ಮಂಡಿ ಜೋಡಿಸುತ್ತಾರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ್ದು ಅದು, ಅದರ ಅನುಭವ ನಮಗಿಲ್ಲ. ಕಾಲು ಕೈಗೆ ಬಂದ ತಕ್ಷಣ ಹೊರಡಬೇಡಿ. ಅಲ್ಲೇ ಒಂದಿಷ್ಟು ದೂರ ನಡೆಯಿರಿ, ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ. ಮಂಡಿಯ ಹಿಂದೆ ಎಲ್ಲಾದರೂ ಒತ್ತಿದರೆ ಸಂಕೋಚ ಬೇಡ, ಹಿಂದೆ ಎಷ್ಟೇ ಜನ ಕಾಯುತ್ತಿರಲಿ, ಅಂಚು ಸರಿ ಮಾಡಿಸಿಕೊಂಡೇ ಮನೆಗೆ ಬನ್ನಿ.