ವೆಬ್ ಪುಟಕ್ಕೆ ಪಾಸ್‌ವರ್ಡ್ ಹಾಕಿದರೆ ಸೀರಿಯಲ್ ಪೋರ್ಟ್‌ಗೆ ಬೀಗ ಬೀಳುವುದಿಲ್ಲ

ವೇಬ್ರಿಡ್ಜ್, ವಿದ್ಯುತ್ ಮೀಟರ್, ಪಂಪ್‌ಹೌಸ್ ಇಂಥ ಕಡೆ ಸೀರಿಯಲ್ ಡಿವೈಸ್ ಸರ್ವರ್ (ಯಂತ್ರದ ಸೀರಿಯಲ್ ತಂತಿಯನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ) ಕೂರಿಸುವ ಕೆಲಸ ನಿಮ್ಮದಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಬಿಟ್ಟ ಒಂದು ಸೆಟ್ಟಿಂಗ್‌ನಿಂದಾಗಿ ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದು ರೈತರ ಕಣ್ಣಲ್ಲಿ ಕಳ್ಳ ತೂಕದ ಗಿರಣಿಯಾಯಿತು.

ಗಿರಣಿಯ ಕಾಂಟಾ, ಅಂದರೆ ವೇಬ್ರಿಡ್ಜ್, ಇರುವುದು ಗೇಟಿನ ಪಕ್ಕ. ಬಿಲ್ ಬರೆಯುವ ಕಂಪ್ಯೂಟರ್ ಇರುವುದು ತೊಂಬತ್ತು ಮೀಟರ್ ಆಚೆಯ ಕಚೇರಿಯಲ್ಲಿ. ಆರ್‌ಎಸ್-232 ಎಂಬ ಸೀರಿಯಲ್ ಕೇಬಲನ್ನು ಹದಿನೈದು ಮೀಟರ್ ದಾಟಿಸಿ ಎಳೆದರೆ ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ತೂಕ ತೋರಿಸುವ ಇಂಡಿಕೇಟರ್ ಪಕ್ಕದಲ್ಲೇ ಅಂಗೈಯಗಲದ ಇಂಥ ಒಂದು ಪೆಟ್ಟಿಗೆ ಕೂರಿಸಿದೆ. ಅದರ ಒಂದು ಬದಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಇನ್ನೊಂದು ಬದಿಗೆ ನೆಟ್‌ವರ್ಕ್ ಕೇಬಲ್. ಬ್ರೌಸರ್‌ನಲ್ಲಿ ಸೆಟ್ಟಿಂಗ್ ಪುಟ ತೆರೆದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ತೆಗೆದು ಹನ್ನೆರಡು ಅಕ್ಷರಗಳ ಹೊಸದನ್ನು ಹಾಕಿದೆ. ಭದ್ರತೆಯ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಮೇಲೆ ಮಾಲೀಕರ ಮಗ, ಬೆಂಗಳೂರಿನಿಂದಲೇ ತೂಕ ಕಾಣಬೇಕು ಎಂದರು. ರೂಟರ್‌ನಲ್ಲಿ 4001ನೇ ಟಿಸಿಪಿ ಪೋರ್ಟನ್ನು (ಸೀರಿಯಲ್ ಅಂಕಿಗಳು ನೆಟ್‌ವರ್ಕ್‌ನಲ್ಲಿ ಹೋಗಿಬರುವ ಬಾಗಿಲು) ಹೊರಗಿನಿಂದ ಪೆಟ್ಟಿಗೆಗೆ ತೆರೆದುಕೊಟ್ಟೆ. ಸೆಟ್ಟಿಂಗ್ ಪುಟವನ್ನಂತೂ ಹೊರಗೆ ಬಿಟ್ಟಿಲ್ಲವಲ್ಲ, ಬರೀ ತೂಕದ ಅಂಕಿ ಹೋಗುತ್ತದೆ, ಅದರಿಂದ ಏನಾದೀತು ಎಂಬುದು ನನ್ನ ಲೆಕ್ಕವಾಗಿತ್ತು. ಆ ಲೆಕ್ಕವೇ ತಪ್ಪು.

ನವೆಂಬರ್‌ನ ಸುಗ್ಗಿ. ಭತ್ತ ತುಂಬಿದ ಟ್ರ್ಯಾಕ್ಟರ್ ಕಾಂಟಾದ ಮೇಲೆ ನಿಂತಿತ್ತು. ಇಂಡಿಕೇಟರ್‌ನಲ್ಲಿ 8,340 ಕಿಲೋ. ಕಾಂಟಾ ನೋಡುವ ಹುಡುಗ ಇನ್ನೂ ಚೀಟಿ ತೆಗೆಯುವ ಮೊದಲೇ ಅಂಕಿ ಸೊನ್ನೆಗೆ ಇಳಿಯಿತು. ಅವನು ಯಾವ ಬಟನ್ನನ್ನೂ ಮುಟ್ಟಿರಲಿಲ್ಲ. ಟ್ರ್ಯಾಕ್ಟರ್ ಕೆಳಗಿಳಿದಾಗ ಪರದೆಯ ಮೇಲೆ ಮೈನಸ್ 8,340. ಯಂತ್ರವನ್ನು ಆರಿಸಿ ಮತ್ತೆ ಹಾಕಿದರು, ಎರಡನೇ ಸಲ ತೂಕ ಸರಿಯಾಗಿಯೇ ಬಂತು. ಮೂರು ದಿನದ ಮೇಲೆ ಇನ್ನೊಬ್ಬರ ಲೋಡಿಗೂ ಹಾಗೆಯೇ ಆಯಿತು. ಆ ಹಿರಿಯರು ಜಗಳಕ್ಕೆ ಬರಲಿಲ್ಲ. "ಸಾಹುಕಾರರೇ, ಇಷ್ಟು ವರ್ಷ ನಿಮ್ಮ ಕಾಂಟಾ ನಂಬಿಕೊಂಡು ಬಂದೆವು" ಎಂದಷ್ಟೇ ಹೇಳಿ, ಲೋಡನ್ನು ಬೇರೆ ಕಾಂಟಾಕ್ಕೆ ಒಯ್ದರು. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ, ಏಕೆಂದರೆ ಮಾಲೀಕರದು ಏನೂ ತಪ್ಪಿರಲಿಲ್ಲ.

ಲೋಡ್ ಸೆಲ್ (ತೂಕ ಗ್ರಹಿಸುವ ಭಾಗ), ಅರ್ಥಿಂಗ್, ಕೇಬಲ್ ಎಲ್ಲವನ್ನೂ ಮೊದಲು ಅನುಮಾನಿಸಿದೆವು. ಕೊನೆಗೆ ಪೆಟ್ಟಿಗೆಯಿಂದ ಇಂಡಿಕೇಟರ್‌ಗೆ ಹೋಗುವ ತಂತಿಗೆ ಲ್ಯಾಪ್‌ಟಾಪ್ ತಗುಲಿಸಿ, ಬರುವ ಪ್ರತಿ ಅಕ್ಷರವನ್ನೂ ದಾಖಲಿಸಲು ಬಿಟ್ಟೆ. ನಮ್ಮ ತಂತ್ರಾಂಶ ಇಂಡಿಕೇಟರ್‌ಗೆ ಏನನ್ನೂ ಕಳಿಸುವುದಿಲ್ಲ, ಬರೀ ಓದುತ್ತದೆ. ಆ ತಂತಿ ರಾತ್ರಿಯಿಡೀ ಮೌನವಾಗಿರಬೇಕಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕು ಸಾಲುಗಳಿದ್ದವು. ಪ್ರತಿಯೊಂದೂ ಬ್ರೌಸರ್ ವೆಬ್ ಪುಟ ಕೇಳುವಾಗ ಕಳಿಸುವ 'ಗೆಟ್' ಸಾಲು. ಇಂಡಿಕೇಟರ್‌ನ ಕೈಪಿಡಿ ತೆರೆದೆ: ಸೀರಿಯಲ್‌ನಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಬಂದರೆ ಟೇರ್ (ಮೇಲಿರುವ ತೂಕವನ್ನೇ ಸೊನ್ನೆ ಎಂದು ಹಿಡಿಯುವುದು), 'ಝಡ್' ಬಂದರೆ ಝೀರೋ. ಇಂಗ್ಲಿಷಿನ 'ಗೆಟ್'ನ ಕೊನೆಯ ಅಕ್ಷರವೇ 'ಟಿ'!

ನಮ್ಮ ಗಿರಣಿಯನ್ನು ಗುರಿಯಿಟ್ಟು ಯಾರೂ ಬಂದಿರಲಿಲ್ಲ. ಇಂಟರ್ನೆಟ್‌ನಲ್ಲಿ ಹಗಲಿರುಳೂ ಎಲ್ಲ ವಿಳಾಸಗಳ ಎಲ್ಲ ಪೋರ್ಟ್‌ಗಳನ್ನು ತಟ್ಟುತ್ತಾ ಹೋಗುವ ಸ್ಕ್ಯಾನರ್‌ಗಳಿವೆ. ಕಾಂಟಾ ಖಾಲಿ ಇದ್ದಾಗ ತಟ್ಟಿದರೆ ಸೊನ್ನೆಯೇ ಟೇರ್ ಆಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಲೋಡು ನಿಂತಾಗ ತಟ್ಟಿದರೆ ತೂಕ ಮಾಯ. ವೆಬ್ ಪಾಸ್‌ವರ್ಡ್ ಕಾಯುವುದು ಸೆಟ್ಟಿಂಗ್ ಪುಟವನ್ನು ಮಾತ್ರ. ಬರಿಯ ಟಿಸಿಪಿ ಸರ್ವರ್ ಮೋಡ್‌ನಲ್ಲಿ ಸೀರಿಯಲ್ ಪೋರ್ಟ್ ಯಾರನ್ನೂ ಏನೂ ಕೇಳುವುದಿಲ್ಲ, ಬಂದದ್ದನ್ನು ಬಂದ ಹಾಗೆಯೇ ತಂತಿಗೆ ಇಳಿಸುತ್ತದೆ. ನಮ್ಮ ಪೆಟ್ಟಿಗೆಯಲ್ಲಿ, ದೂರದಿಂದ ಆದೇಶ ಟೈಪಿಸಿ ಸೆಟ್ಟಿಂಗ್ ಬದಲಿಸುವ ಟೆಲ್ನೆಟ್‌ಗೆ ಪ್ರತ್ಯೇಕ ಪಾಸ್‌ವರ್ಡ್ ಇತ್ತು, ಅದೂ ಖಾಲಿ.

ಇಂಥ ಪೆಟ್ಟಿಗೆಗಳು ಸಣ್ಣವು ಎಂದು ಉದಾಸೀನ ಮಾಡಬೇಡಿ. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಸುಮಾರು 2,25,000 ಗ್ರಾಹಕರ ವಿದ್ಯುತ್ ಕಡಿದ ದಾಳಿಕೋರರು, ಸಬ್‌ಸ್ಟೇಷನ್‌ಗಳಲ್ಲಿದ್ದ ಸೀರಿಯಲ್-ಈಥರ್ನೆಟ್ ಪೆಟ್ಟಿಗೆಗಳ ಫರ್ಮ್‌ವೇರನ್ನೂ (ಒಳಗಿನ ಮೂಲ ತಂತ್ರಾಂಶ) ಕೆಡಿಸಿದ್ದರು. ದೂರದಿಂದ ಬ್ರೇಕರ್ ಹಾಕುವ ದಾರಿ ಮುಚ್ಚಿ, ಸಿಬ್ಬಂದಿ ಸ್ಥಳಕ್ಕೇ ಹೋಗಿ ಕೈಯಿಂದ ಹಾಕಬೇಕಾಯಿತು.

ನಾನು ಮೊದಲು ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ತೆಗೆದೆ. ಬೆಂಗಳೂರಿನಿಂದ ನೋಡಲು ಈಗ ವಿಪಿಎನ್ (ಹೊರಗಿನವರು ನುಸುಳಲಾಗದ ಖಾಸಗಿ ಸಂಪರ್ಕ) ಇದೆ. ಟೆಲ್ನೆಟ್ ಮುಚ್ಚಿ, ಬಿಲ್ ಕಂಪ್ಯೂಟರ್‌ನ ವಿಳಾಸ ಬಿಟ್ಟು ಬೇರೆ ಯಾರಿಗೂ ಸಂಪರ್ಕ ಕೊಡದಂತೆ ಐಪಿ ಫಿಲ್ಟರ್ ಹಾಕಿದೆ. ಇಲ್ಲಿ ಅವಸರ ಮಾಡಿ ಮತ್ತೊಮ್ಮೆ ಪೆಟ್ಟು ತಿಂದೆ. ಸೆಟ್ಟಿಂಗ್ ಬದಲಿಸುತ್ತಿದ್ದ ನನ್ನ ಲ್ಯಾಪ್‌ಟಾಪ್‌ನ ವಿಳಾಸವನ್ನು ಪಟ್ಟಿಗೆ ಸೇರಿಸದೆ ಸೇವ್ ಒತ್ತಿದೆ, ಪುಟ ನನಗೇ ಮುಚ್ಚಿಕೊಂಡಿತು. ರೀಸೆಟ್ ಗುಂಡಿ ಒತ್ತಿದರೆ ಪಾಸ್‌ವರ್ಡ್ ಕಾರ್ಖಾನೆಯ ಹಳೆಯದಕ್ಕೇ ಮರಳಿತು, ಟೆಲ್ನೆಟ್ ಮತ್ತೆ ತೆರೆಯಿತು, ಬಾಡ್ ರೇಟ್ (ಸೀರಿಯಲ್ ತಂತಿಯ ವೇಗ) 9600ಕ್ಕೆ ಮರಳಿತು. ನಮ್ಮ ಇಂಡಿಕೇಟರ್ ಇರುವುದು 4800ರಲ್ಲಿ, ಏಳು ಬಿಟ್, ಈವನ್ ಪ್ಯಾರಿಟಿ. ಅಂಕಿಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರತೊಡಗಿದವು. ಏನನ್ನೇ ಮುಟ್ಟುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಸೆಟ್ಟಿಂಗ್ ಪುಟದ ಎಚ್‌ಟಿಟಿಪಿ ದಾರಿ ಮುಚ್ಚುವವರು, ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ನಲ್ಲಿ ಒಳಗೆ ಹೋಗಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ನೆಮ್ಮದಿ ಕೊಟ್ಟದ್ದು ಒಂದು ಸ್ಕ್ರೂಡ್ರೈವರ್. ಇಂಡಿಕೇಟರ್ ತಾನಾಗಿಯೇ ನಿರಂತರವಾಗಿ ತೂಕ ಕಳಿಸುತ್ತದೆ, ಅದಕ್ಕೆ ಯಾರ ಮಾತೂ ಬೇಕಿಲ್ಲ. ಕನೆಕ್ಟರ್ ಬಿಚ್ಚಿ, ಪೆಟ್ಟಿಗೆಯ ಮೂರನೇ ಪಿನ್ನಿನಿಂದ ಹೊರಡುವ, ಇಂಡಿಕೇಟರ್‌ಗೆ ಅಕ್ಷರ ಒಯ್ಯುವ ತಂತಿಯನ್ನೇ ತೆಗೆದು ತುದಿಗೆ ಟೇಪ್ ಸುತ್ತಿದೆ. ತೂಕ ಬರುವ ಎರಡನೇ ಮತ್ತು ಗ್ರೌಂಡ್ ಆಗಿರುವ ಐದನೇ ಪಿನ್ನಿನ ತಂತಿಗಳು ಮಾತ್ರ ಉಳಿದಿವೆ. ಈಗ ಒಳಗೆ ಯಾರೇ ನುಗ್ಗಿದರೂ ಆ ತಂತಿಯ ಮೂಲಕ ಇಂಡಿಕೇಟರ್‌ಗೆ ಒಂದಕ್ಷರವೂ ತಲುಪುವುದಿಲ್ಲ.

ಆ ಹಿರಿಯರ ಮನೆಗೆ ಮಾಲೀಕರೂ ನಾನೂ ಹೋಗಿ, ಆದದ್ದನ್ನೆಲ್ಲ ಹೇಳಿ, ತೆಗೆದ ತಂತಿಯ ಫೋಟೊ ತೋರಿಸಿದೆವು. ಚಹಾ ಕೊಟ್ಟರು. ಮುಂದಿನ ಬೆಳೆಯನ್ನು ತರುವುದಾಗಿ ಇನ್ನೂ ಹೇಳಿಲ್ಲ.