ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ: ಇಂಗ್ಲೆಂಡಿನ ಮನೆಯೊಂದರ ಕರೆಂಟ್ ಮತ್ತು ಗ್ಯಾಸ್ ಬಿಲ್

ಕರೆಂಟ್ ಕಂಪನಿ ಬದಲಿಸಿದೆ ಎಂದು ಮೊದಲ ಸಲ ಫೋನಿನಲ್ಲಿ ಹೇಳಿದಾಗ ಮೈಸೂರಿನಲ್ಲಿರುವ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ಬೀದಿಯ ತಂತಿಯನ್ನೂ ಬದಲಿಸುತ್ತಾರೆಯೇ?’ ಸೆಸ್ಕ್‌ನವರು ತಿಂಗಳಿಗೊಮ್ಮೆ ಬಂದು, ಮೀಟರ್ ನೋಡಿ, ಕೈಯಲ್ಲಿನ ಯಂತ್ರದಿಂದ ಬಿಲ್ ಹರಿದುಕೊಟ್ಟು ಹೋಗುವ ಮನೆ ಅದು. ಸೀರೆಗೆ ಅಂಗಡಿ ಆರಿಸಿದಂತೆ ಕರೆಂಟಿಗೂ ಅಂಗಡಿ ಆರಿಸುತ್ತಾರೆಂದರೆ ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು.

ತಂತಿ ಬದಲಾಗುವುದಿಲ್ಲ. ನಾನಿರುವ ರೆಡಿಂಗ್‌ನಲ್ಲಿ ತಂತಿಗಳು ಒಂದು ಜಾಲ ಕಂಪನಿಯವು, ಗ್ಯಾಸ್ ಕೊಳವೆಗಳು ಇನ್ನೊಂದರವು. ಇವೆರಡನ್ನೂ ನಾವು ಆರಿಸುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಯೂನಿಸ್ ಬಿರುಗಾಳಿ ಬೀಸಿ ನಮ್ಮ ಬೀದಿ ಕತ್ತಲಾದಾಗ ನಾನೂ ಎದುರು ಮನೆಯವರೂ ಫೋನ್ ಮಾಡಿದ್ದು 105 ಎಂಬ ಒಂದೇ ಸಂಖ್ಯೆಗೆ, ಕಾದದ್ದೂ ಅಷ್ಟೇ ಹೊತ್ತು. ನಾವು ಆರಿಸುವುದು ಪೂರೈಕೆದಾರನನ್ನು ಮಾತ್ರ. ಅವನು ಸಗಟು ಮಾರುಕಟ್ಟೆಯಲ್ಲಿ ಕರೆಂಟ್, ಗ್ಯಾಸ್ ಕೊಂಡು, ನಮಗೆ ಚಿಲ್ಲರೆಯಾಗಿ ಮಾರಿ, ಬಿಲ್ ಕಳಿಸುವ ವ್ಯಾಪಾರಿ. ಬ್ರಿಟನ್ನಿನಲ್ಲಿ ಮನೆಗಳಿಗೆ ಈ ಆಯ್ಕೆ ಸಿಕ್ಕಿದ್ದು 1996ರಿಂದ 1999ರ ನಡುವೆ, ಹಂತಹಂತವಾಗಿ. ಹಾಗಾಗಿ ಇಲ್ಲಿ ಹೋಲಿಸಬೇಕಾದದ್ದು ಬೆಳಕನ್ನಾಗಲಿ ಬಿಸಿಯನ್ನಾಗಲಿ ಅಲ್ಲ. ಬಿಲ್ ಸರಿಯಾಗಿ ಬರೆಯುವವರು ಯಾರು, ತಪ್ಪಾದರೆ ಫೋನ್ ಎತ್ತುವವರು ಯಾರು, ಮುಂದಿನ ಚಳಿಗಾಲಕ್ಕೆ ಅಂಗಡಿ ತೆರೆದಿರುತ್ತದೆಯೇ, ಇಷ್ಟನ್ನು.

ಒಂಬತ್ತು ವರ್ಷಗಳಲ್ಲಿ ನಾಲ್ಕು ಕಂಪನಿಗಳ ಗ್ರಾಹಕನಾಗಿದ್ದೇನೆ. ಹೆಸರು ಹೇಳುವುದಿಲ್ಲ. ಮನೆಯಲ್ಲಿ ನಾವು ಕರೆಯುವಂತೆ ದೊಡ್ಡಪ್ಪ, ಚಿಕ್ಕಪ್ಪ, ಇನ್ನೊಬ್ಬ ದೊಡ್ಡಪ್ಪ, ಸೋದರಮಾವ ಎನ್ನುತ್ತೇನೆ. ಮನೆ ಮೂರು ಮಲಗುವ ಕೋಣೆಗಳದು, ಬಿಸಿಗೆ ಗ್ಯಾಸ್ ಬಾಯ್ಲರ್. ವರ್ಷಕ್ಕೆ ಸುಮಾರು 12,000 ಯೂನಿಟ್ ಗ್ಯಾಸ್, 2,900 ಯೂನಿಟ್ ಕರೆಂಟ್ (ಇಲ್ಲಿ ಗ್ಯಾಸಿನ ಬಿಲ್ಲನ್ನೂ ಕರೆಂಟಿನಂತೆ ಕಿಲೋವ್ಯಾಟ್-ಗಂಟೆಯ ಯೂನಿಟ್ಟಿನಲ್ಲೇ ಬರೆಯುತ್ತಾರೆ).

2016ರಲ್ಲಿ ಮನೆಗೆ ಬಂದಾಗ ಹಿಂದಿನವರ ಕಂಪನಿಯೇ ನಮಗೂ ಗಂಟುಬಿತ್ತು. ಅದೇ ದೊಡ್ಡಪ್ಪ, ದೊಡ್ಡ ಕಂಪನಿ. ಏನನ್ನೂ ಆರಿಸದೆ ಸುಮ್ಮನಿರುವ ಗ್ರಾಹಕನಿಗೆ ಇಲ್ಲಿ ಸಿಗುತ್ತಿದ್ದುದು ಸಾಮಾನ್ಯವಾಗಿ ಕಂಪನಿಯ ಅತಿ ದುಬಾರಿ ದರ. ಹಳೆಯ ಗ್ರಾಹಕರ ಬಳಿ ಹೆಚ್ಚು ಕಿತ್ತು ಹೊಸಬರಿಗೆ ರಿಯಾಯಿತಿ ಕೊಡುವ ಈ ಚಾಳಿಗೆ ಕಡಿವಾಣ ಹಾಕಲೆಂದೇ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2019ರ ಜನವರಿ 1ರಿಂದ ದರಮಿತಿ ತಂದಿತು. ಅಲ್ಲಿಯವರೆಗೆ ನಾನು ಸೋಮಾರಿತನಕ್ಕೆ ದಂಡ ಕಟ್ಟಿದೆ.

ದಂಡವನ್ನಾದರೂ ಮರೆಯಬಹುದು, ಗ್ಯಾಸ್ ಮೀಟರಿನ ಪ್ರಕರಣವನ್ನು ಮರೆಯಲಾರೆ. 2017ರ ಕೊನೆಯಲ್ಲಿ ನಮ್ಮ ಹಳೆಯ ಮೀಟರನ್ನು ಬದಲಿಸಿದರು. ಹಳೆಯದು ನೂರು ಘನ ಅಡಿಗಳ ಲೆಕ್ಕದಲ್ಲಿ ಓಡುತ್ತಿತ್ತು, ಹೊಸದು ಘನ ಮೀಟರುಗಳಲ್ಲಿ. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ಜನವರಿಯಲ್ಲಿ ನಾವು ಸುಟ್ಟದ್ದು 160 ಘನ ಮೀಟರ್. ಘನ ಮೀಟರಿಗೆ ಸುಮಾರು 11.2 ಯೂನಿಟ್‌ನಂತೆ ಲೆಕ್ಕ ಹಾಕಿದರೆ ಅಂದಿನ ದರದಲ್ಲಿ ಗ್ಯಾಸಿಗೆ 68 ಪೌಂಡ್ ಆಗಬೇಕು. ಬಂದದ್ದು 192 ಪೌಂಡ್. ‘ಬಾಯ್ಲರ್ ಹಳೆಯದಾಗಿರಬಹುದು, ಪರೀಕ್ಷಿಸಿ’ ಎಂದರು ಫೋನಿನಲ್ಲಿ. ಮುಂದಿನ ಸಲ ಬೇರೊಬ್ಬರು: ‘ಈ ಸಲ ಚಳಿ ಜಾಸ್ತಿ.’ ಮೂರನೆಯವರು ಕಿಟಕಿಗಳ ಬಗ್ಗೆ ವಿಚಾರಿಸಿದರು. ಪ್ರತಿ ಸಲವೂ ಅರ್ಧ ಗಂಟೆಗೆ ಮೀರಿ ಪಿಟೀಲು ಕೇಳಬೇಕು, ಪ್ರತಿ ಸಲವೂ ಹರಿಕಥೆಯನ್ನು ಪೀಠಿಕೆಯಿಂದ ಶುರುಮಾಡಬೇಕು. ಎಲ್ಲರೂ ಸೌಜನ್ಯದವರೇ. ಕಥೆಯನ್ನು ಕೊನೆಯವರೆಗೆ ಕೇಳುವ ಅಧಿಕಾರ ಮಾತ್ರ ಯಾರಿಗೂ ಇರಲಿಲ್ಲ.

ಒಂದು ಭಾನುವಾರ ಕ್ಯಾಲ್ಕುಲೇಟರ್ ಹಿಡಿದು ಕುಳಿತು ಅವರ ಯೂನಿಟ್ಟುಗಳನ್ನು ನನ್ನ ಯೂನಿಟ್ಟುಗಳಿಂದ ಭಾಗಿಸಿದೆ. 2.83. ಅವರ ದಾಖಲೆಯಲ್ಲಿ ನಮ್ಮ ಗೋಡೆಯ ಮೇಲೆ ಇನ್ನೂ ಹಳೆಯ ಮೀಟರೇ ನೇತಾಡುತ್ತಿತ್ತು. ಅದನ್ನು ಬರೆದು ಕಳಿಸಿದ ಮೇಲೂ ವಾರಗಳು ಉರುಳಿದವು. ದೂರು ಕೊಟ್ಟು ಎಂಟು ವಾರ ಕಳೆದರೆ, ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಇಂಧನ ಓಂಬುಡ್ಸ್‌ಮನ್‌ಗೆ ಹೋಗಬಹುದು ಎಂಬ ನಿಯಮವಿದೆ. ಒಂಬತ್ತನೆಯ ವಾರ ಆ ಪದವನ್ನು ಪತ್ರದಲ್ಲಿ ಬಳಸಿದೆ. ಐದು ದಿನಗಳಲ್ಲಿ ಬಿಲ್ ಸರಿಯಾಯಿತು, ಕ್ಷಮಾಪಣೆಯೆಂದು 30 ಪೌಂಡ್ ಕೂಡ ಬಂತು.

2019ರ ವಸಂತದಲ್ಲಿ ಚಿಕ್ಕಪ್ಪನ ಮನೆಗೆ ಹೋದೆ. ಆಗ ಮಾರುಕಟ್ಟೆ ಜಾತ್ರೆಯಂತಿತ್ತು. ಹಿಂದಿನ ವರ್ಷ ಪೂರೈಕೆದಾರರ ಸಂಖ್ಯೆ ಎಪ್ಪತ್ತರ ಆಸುಪಾಸು ಮುಟ್ಟಿತ್ತು. ನಾಟಿಂಗ್‌ಹ್ಯಾಮ್ ನಗರಸಭೆ ‘ರಾಬಿನ್ ಹುಡ್ ಎನರ್ಜಿ’ ಎಂದು ಹೆಸರಿಟ್ಟು ತಾನೇ ಕರೆಂಟ್ ಮಾರಲು ಹೊರಟಿತ್ತು (2020ರಲ್ಲಿ ಅದು ಮುಚ್ಚಿತು, ಹೆಸರಂತೂ ಚೆನ್ನಾಗಿತ್ತು). ನನ್ನ ಚಿಕ್ಕಪ್ಪ ಖಾಸಗಿ ಕಂಪನಿ, ಒಂದೇ ಕಚೇರಿ. ದೊಡ್ಡಪ್ಪನ ಲೆಕ್ಕದಲ್ಲಿ ವರ್ಷಕ್ಕೆ 1,180 ಪೌಂಡ್ ಆಗುತ್ತಿದ್ದ ನಮ್ಮ ಬಳಕೆಗೆ ಇವನು ಒಂದು ವರ್ಷದ ಸ್ಥಿರ ದರದಲ್ಲಿ 960 ಹೇಳಿದ. ಹೊಸ ಖಾತೆಯ ಆರಂಭದ ಮೀಟರ್ ಓದಿನಲ್ಲಿ ಒಂದು ಅಂಕಿ ಅದಲುಬದಲಾಗಿತ್ತು. ಅಯ್ಯೋ ಮತ್ತೆ ಶುರುವಾಯಿತೇ ಎಂದುಕೊಳ್ಳುತ್ತಲೇ ಬೆಳಿಗ್ಗೆ ಇಮೇಲ್ ಬರೆದೆ. ಮಧ್ಯಾಹ್ನಕ್ಕೆ ಒಬ್ಬ ಹೆಣ್ಣುಮಗಳು ತನ್ನ ಹೆಸರು ಹಾಕಿ ಉತ್ತರಿಸಿದಳು: ಮೀಟರಿನ ಫೋಟೋ ಕಳಿಸಿ. ಸಂಜೆಗೆ ಕೆಲಸ ಮುಗಿದಿತ್ತು. ದೊಡ್ಡಪ್ಪನ ಐದು ತಿಂಗಳ ಎದುರು ಚಿಕ್ಕಪ್ಪನ ಒಂದು ದಿನವನ್ನು ಇಟ್ಟರೆ ಹೋಲಿಕೆ ಅಲ್ಲಿಗೇ ಮುಗಿಯಿತು ಎಂದು ನಾನು ನಂಬಿದ್ದೆ. ಕನ್ನಡ ಬಳಗದ ಯುಗಾದಿ ಊಟದಲ್ಲಿ ಪಕ್ಕ ಕುಳಿತವರಿಗೆಲ್ಲ ಅದನ್ನೇ ಉಪದೇಶಿಸಿದ್ದೆ ಕೂಡ.

2021ರ ಬೇಸಿಗೆಯಲ್ಲಿ ಲಕ್ಷಣಗಳು ಕಾಣಿಸಿದವು. ನಾನು ಓದಲಿಲ್ಲ. ಖಾತೆಯಲ್ಲಿ ನನ್ನದೇ 190 ಪೌಂಡ್ ಜಮಾ ಇದ್ದರೂ ತಿಂಗಳ ಕಂತನ್ನು 82ರಿಂದ 105ಕ್ಕೆ ಏರಿಸಿದರು. ಮಧ್ಯಾಹ್ನದೊಳಗೆ ಬರುತ್ತಿದ್ದ ಉತ್ತರಕ್ಕೆ ಒಂಬತ್ತು ದಿನ ಹಿಡಿಯಿತು, ಕೆಳಗೆ ಯಾರ ಹೆಸರೂ ಇರಲಿಲ್ಲ. ಸೆಪ್ಟೆಂಬರಿನ ಒಂದು ಬುಧವಾರ ಕಂಪನಿ ಬಾಗಿಲು ಹಾಕಿತು.

ಏಕೆ ಮುಳುಗಿತು ಎಂಬುದನ್ನು ಅರ್ಥಮಾಡಿಕೊಳ್ಳದೆ ಚಿಕ್ಕದು ದೊಡ್ಡದು ಎಂದು ವಾದಿಸುವುದು ವ್ಯರ್ಥ. ವರ್ಷವಿಡೀ ಒಂದೇ ದರಕ್ಕೆ ಊಟ ಹಾಕುತ್ತೇನೆಂದು ಕೂಪನ್ ಮಾರಿದ ಮೆಸ್ಸೊಂದನ್ನು ನೆನೆಸಿಕೊಳ್ಳಿ. ಜಾಣ ಮಾಲೀಕ ಕೂಪನ್ ಮಾರಿದ ದಿನವೇ ವರ್ಷದ ಅಕ್ಕಿಗೆ ಮುಂಗಡ ಕೊಟ್ಟು ಬೆಲೆ ಕಟ್ಟಿಕೊಳ್ಳುತ್ತಾನೆ. ಇನ್ನೊಬ್ಬ ವಾರದ ಸಂತೆಯಲ್ಲಿ ಕೊಳ್ಳುತ್ತಾನೆ. ಸಂತೆಯಲ್ಲಿ ಬೆಲೆ ಇಳಿಯುತ್ತಿರುವವರೆಗೆ ಎರಡನೆಯವನ ಊಟವೇ ಅಗ್ಗ. 2021ರಲ್ಲಿ ಯುರೋಪಿನ ಗ್ಯಾಸ್ ಬೆಲೆ ಕೆಲವೇ ತಿಂಗಳುಗಳಲ್ಲಿ ಹಲವು ಪಟ್ಟು ಏರಿತು. ಗ್ರಾಹಕರಿಂದ ಹೆಚ್ಚು ವಸೂಲು ಮಾಡಲು ಸ್ಥಿರ ಒಪ್ಪಂದಗಳೂ ದರಮಿತಿಯೂ ಬಿಡಲಿಲ್ಲ. ಸಂತೆಯಲ್ಲಿ ಕೊಳ್ಳುತ್ತಿದ್ದವರು ಸಾಲಾಗಿ ಮಗುಚಿದರು. ಸುಮಾರು ಒಂದು ವರ್ಷದಲ್ಲಿ ಮುಚ್ಚಿದ ಪೂರೈಕೆದಾರರು ಮೂವತ್ತರ ಹತ್ತಿರ. ಆವ್ರೊ ಎನರ್ಜಿ ಒಂದಕ್ಕೇ 5,80,000 ಗ್ರಾಹಕರಿದ್ದರು. 15 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಬಲ್ಬ್ ಎಂಬ ಕಂಪನಿ ಎಷ್ಟು ದೊಡ್ಡದಾಗಿತ್ತೆಂದರೆ ಅದನ್ನು ಇನ್ನೊಂದು ಕಂಪನಿಗೆ ದಾಟಿಸಲಾಗದೆ ಸರ್ಕಾರದ ಹಣದಲ್ಲಿ ವಿಶೇಷ ಆಡಳಿತಕ್ಕೆ ಒಪ್ಪಿಸಿದರು.

ಅಂದರೆ ಚಿಕ್ಕಪ್ಪ ಸತ್ತದ್ದು ಚಿಕ್ಕವನಾಗಿದ್ದಕ್ಕಲ್ಲ, ಮುಂಗಡ ಕೊಳ್ಳದ್ದಕ್ಕೆ, ಕೊಳ್ಳಲು ಗಂಟಿಲ್ಲದ್ದಕ್ಕೆ. ನನ್ನ 190 ಪೌಂಡ್ ಅವನ ಪಾಲಿಗೆ ಬಡ್ಡಿಯಿಲ್ಲದ ಕೈಸಾಲವಾಗಿತ್ತು.

ಮನೆ ಒಂದು ಕ್ಷಣವೂ ತಣ್ಣಗಾಗಲಿಲ್ಲ. ಕಂಪನಿ ಮುಳುಗಿದರೆ ಆಫ್‌ಜೆಮ್ ‘ಕೊನೆಯ ಆಸರೆಯ ಪೂರೈಕೆದಾರ’ನೊಬ್ಬನನ್ನು ನೇಮಿಸುತ್ತದೆ. ಮೀಟರಿನ ಫೋಟೋ ತೆಗೆದಿಡಿ, ಹೊಸಬರು ಸಂಪರ್ಕಿಸುವವರೆಗೆ ನೀವಾಗಿ ಎಲ್ಲಿಗೂ ಹೋಗಬೇಡಿ ಎಂದಷ್ಟೇ ಸೂಚನೆ. ನಮ್ಮನ್ನು ಎತ್ತಿಕೊಂಡದ್ದು ಇನ್ನೊಬ್ಬ ದೊಡ್ಡಪ್ಪ. ದರ ಕೂಡಲೇ ಮಿತಿಯ ಮಟ್ಟಕ್ಕೆ ಏರಿತು. ಸರಾಸರಿ ಮನೆಗೆ ಆ ಅಕ್ಟೋಬರಿನಲ್ಲಿ ವರ್ಷಕ್ಕೆ 1,277 ಪೌಂಡ್, ಮರು ಏಪ್ರಿಲ್‌ನಲ್ಲಿ 1,971. ಆದರೆ ಒಪ್ಪಿಕೊಳ್ಳಬೇಕು: ಈ ದೊಡ್ಡಪ್ಪ ಒಂದೇ ಒಂದು ಬಿಲ್ಲಿನಲ್ಲೂ ತಪ್ಪಲಿಲ್ಲ. ಕೇಳದೆಯೇ, ಮೂರು ತಿಂಗಳಲ್ಲಿ ನನ್ನ 190 ಪೌಂಡನ್ನು ಹೊಸ ಖಾತೆಗೆ ಸೇರಿಸಿದ. ದೊಡ್ಡವರೆಲ್ಲ ಒಂದೇ ಎಂಬ ನನ್ನ ಯುಗಾದಿಯ ಉಪದೇಶ ಅಲ್ಲಿಗೆ ಬಿದ್ದುಹೋಯಿತು.

ಆ 190 ಪೌಂಡ್ ಎಲ್ಲಿಂದ ಬಂತು ಎಂಬುದು ಆಮೇಲೆ ತಿಳಿಯಿತು. ಮುಳುಗಿದ ಕಂಪನಿಗಳ ಭಾರವನ್ನು ದೇಶದ ಎಲ್ಲ ಗ್ರಾಹಕರ ಮೇಲೂ ಹಂಚಿದ್ದರು. 2022ರ ಏಪ್ರಿಲ್‌ನ ದರಮಿತಿಯಲ್ಲಿ ಅದಕ್ಕೆಂದೇ ಮನೆಗೆ 68 ಪೌಂಡ್ ಸೇರಿತು, ಅದೂ ದಿನದ ಸ್ಥಿರ ಶುಲ್ಕದಲ್ಲಿ. ದೀಪ ಹಚ್ಚದಿದ್ದರೂ ಕಟ್ಟಲೇಬೇಕಾದ ಶುಲ್ಕ ಅದು. ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ ಎಂದೂ ಕಂಪನಿ ಬದಲಿಸಿದವರಲ್ಲ. ಎರಡು ವರ್ಷ ನಾನು ಅಗ್ಗವಾಗಿ ಉಂಡ ಊಟದಲ್ಲಿ ಅವರ ಕಾಸೂ ಇತ್ತು. ಅವರು ಬದಲಿಸದಿದ್ದುದಕ್ಕೆ ಕಾರಣವೂ ಇತ್ತು: ಕಡಿಮೆ ಆದಾಯದ ವೃದ್ಧರಿಗೆ ಚಳಿಗಾಲದಲ್ಲಿ ಬಿಲ್ಲಿನಿಂದ 140 ಪೌಂಡ್ ಕಳೆಯುವ ಯೋಜನೆ ಆಗ ದೊಡ್ಡ ಕಂಪನಿಗಳಿಗೆ ಮಾತ್ರ ಕಡ್ಡಾಯವಾಗಿತ್ತು. ಚಿಕ್ಕಪ್ಪನಲ್ಲಿ ಅದು ಇರಲೇ ಇಲ್ಲ. ಬೆಲೆ ಹೋಲಿಸುವಾಗ ನಾನು ಆ ಸಾಲನ್ನು ಕಣ್ಣೆತ್ತಿಯೂ ನೋಡಿರಲಿಲ್ಲ, ನನಗೆ ಬೇಕಿರಲಿಲ್ಲವಲ್ಲ.

2022 ಪೂರ್ತಿ ಹೋಲಿಸಲು ಏನೂ ಇರಲಿಲ್ಲ. ಅಗ್ಗದ ಒಪ್ಪಂದಗಳು ಮಾಯವಾಗಿದ್ದವು. ಅಕ್ಟೋಬರಿನಿಂದ ಸರ್ಕಾರವೇ ಸರಾಸರಿ ಮನೆಯ ಬಿಲ್ಲನ್ನು 2,500 ಪೌಂಡಿಗೆ ಹಿಡಿದು ನಿಲ್ಲಿಸಿತು. ನಾವು ಸ್ವೆಟರ್ ಹಾಕಿಕೊಂಡೆವು.

2023ರ ಶರತ್ಕಾಲದಲ್ಲಿ ಮತ್ತೆ ಮಾರುಕಟ್ಟೆ ಉಸಿರಾಡತೊಡಗಿದಾಗ ನಾನು ಬೆಲೆಯ ಪಟ್ಟಿ ತೆರೆಯುವ ಮುನ್ನ ಮೂರು ಕಂಪನಿಗಳಿಗೆ ಒಂದೇ ಪ್ರಶ್ನೆ ಬರೆದೆ: ನನಗೆ ಒಂದು ವರ್ಷದ ಸ್ಥಿರ ದರ ಕೊಟ್ಟರೆ, ಅಷ್ಟು ಗ್ಯಾಸನ್ನೂ ಕರೆಂಟನ್ನೂ ನೀವು ಈಗಲೇ ಕೊಂಡಿಡುತ್ತೀರಾ? ಹಳೆಯ ದೊಡ್ಡಪ್ಪನಿಂದ ಬಂದ ಉತ್ತರ, ಮೀಟರ್ ಓದುವುದು ಹೇಗೆ ಎಂಬ ಸಹಾಯ ಪುಟದ ಕೊಂಡಿ. ಎರಡನೆಯದು ನಮ್ಮನ್ನು ಎತ್ತಿಕೊಂಡಿದ್ದ ದೊಡ್ಡಪ್ಪನದು, ಸಂಭಾವಿತವಾಗಿತ್ತು: ನಮ್ಮದೇ ಉತ್ಪಾದನೆ ಇದೆ, ಚಿಂತೆ ಬೇಡ. ಮೂರನೆಯದು ಚಿಕ್ಕ ಕಂಪನಿ. ಎರಡು ದಿನ ತೆಗೆದುಕೊಂಡು, ಹೆಸರು ಹಾಕಿ, ಅರ್ಧ ಪುಟ ಬರೆದರು. ಸ್ಥಿರ ಒಪ್ಪಂದದವರ ಅಂದಾಜು ಬಳಕೆಯನ್ನು ಒಪ್ಪಂದದ ವಾರದಲ್ಲೇ ಕೊಳ್ಳುತ್ತೇವೆ, ಅದಕ್ಕಾಗಿಯೇ ನಮ್ಮ ದರ ಅತಿ ಅಗ್ಗವಲ್ಲ, ನಡುವೆ ಬಿಟ್ಟುಹೋದರೆ ನಿರ್ಗಮನ ಶುಲ್ಕವಿದೆ ಎಂದು. ಅಗ್ಗವಲ್ಲ ಎಂದು ತಾನೇ ಬರೆಯುವ ವ್ಯಾಪಾರಿಯನ್ನು ಅದುವರೆಗೆ ಕಂಡಿರಲಿಲ್ಲ. ಇವನೇ ಸೋದರಮಾವ.

ದೊಡ್ಡಪ್ಪನಿಗಿಂತ ವರ್ಷಕ್ಕೆ 40 ಪೌಂಡ್ ಮಾತ್ರ ಕಡಿಮೆ. 2019ರ 220ರ ಪಕ್ಕದಲ್ಲಿ ಇದು ಏನೂ ಅಲ್ಲ, ಆದರೆ ಆ 220 ನಿಜವಾದ ಬೆಲೆಯೇ ಆಗಿರಲಿಲ್ಲ. ಶನಿವಾರ, ಭಾನುವಾರ ಇಲ್ಲಿ ಫೋನ್ ಎತ್ತುವವರಿಲ್ಲ. ಕಂಪನಿ ಬದಲಿಸಿದ ಮೇಲೆ ಸ್ಮಾರ್ಟ್ ಮೀಟರಿನ ಪುಟ್ಟ ಪರದೆ ಆರು ವಾರ ಖಾಲಿ ಕಣ್ಣು ಬಿಟ್ಟುಕೊಂಡಿತ್ತು. ದೊಡ್ಡವರಲ್ಲಿರುವ ಬಾಯ್ಲರ್ ದುರಸ್ತಿ ಸೇವೆಯೂ ಇಲ್ಲ. ಬಾಯ್ಲರ್ ಹದಿನೈದು ವರ್ಷ ಹಳೆಯದಾಗಿದ್ದರೆ ಅದೊಂದೇ ಕಾರಣಕ್ಕೆ ದೊಡ್ಡಪ್ಪನಲ್ಲಿ ಉಳಿಯುವುದು ತಪ್ಪಲ್ಲ. ಪಕ್ಕದ ಮನೆಯ ಅಜ್ಜಿ ಕೇಳಿದ್ದರೆ ಕದಲಬೇಡಿ ಎಂದೇ ಹೇಳುತ್ತಿದ್ದೆ.

ನಾನು ಇಲ್ಲಿ ನಿಂತದ್ದು ಬಿಲ್ಲಿನ ರೀತಿಗಾಗಿ. ವರ್ಷವನ್ನು ಹನ್ನೆರಡರಿಂದ ಭಾಗಿಸಿ ಮುಂಗಡ ಕಟ್ಟುವುದಿಲ್ಲ, ತಿಂಗಳ ಕೊನೆಗೆ ಉರಿಸಿದಷ್ಟಕ್ಕೇ ಕಟ್ಟುತ್ತೇನೆ. ಜುಲೈಯಲ್ಲಿ 50 ಪೌಂಡ್, ಜನವರಿಯಲ್ಲಿ 240. ಜನವರಿ ಕಚ್ಚುತ್ತದೆ, ಅದಕ್ಕೆಂದು ಬೇಸಿಗೆಯಲ್ಲಿ ನಾವೇ ಎತ್ತಿಡಬೇಕು. ಆದರೆ ನನ್ನ ಹಣ ನನ್ನ ಖಾತೆಯಲ್ಲೇ ಇರುತ್ತದೆ. ನಿಯಮಗಳೂ ಬಿಗಿಯಾಗಿವೆ: ಕರೆಂಟ್, ಗ್ಯಾಸ್ ಎರಡನ್ನೂ ಕೊಳ್ಳುವ ಗ್ರಾಹಕನಿಗೆ ತಲಾ 115 ಪೌಂಡಿನಂತೆ ಬಂಡವಾಳ ಇಟ್ಟುಕೊಳ್ಳಬೇಕೆಂಬ ಗುರಿಯನ್ನು ಆಫ್‌ಜೆಮ್ 2025ರಿಂದ ಇಟ್ಟಿದೆ. ಇನ್ನು ಚಿಕ್ಕದು ದೊಡ್ಡದು ಎಂಬುದೂ ನಿಂತ ನೀರಲ್ಲ. 2016ರಲ್ಲಿ ಕರೆಂಟ್ ಮಾರಲು ಶುರುಮಾಡಿದ ಆಕ್ಟೋಪಸ್ ಎಂಬ ಕಂಪನಿ ಬಲ್ಬ್‌ನ ಗ್ರಾಹಕರನ್ನು ನುಂಗಿ, ಬ್ರಿಟಿಷ್ ಗ್ಯಾಸ್ ಕಂಪನಿಯನ್ನೂ ಹಿಂದೆ ಹಾಕಿ ಈಗ ದೇಶದ ಅತಿ ದೊಡ್ಡ ಗೃಹ ಪೂರೈಕೆದಾರ. ನಿನ್ನೆಯ ಚಿಕ್ಕಪ್ಪನೇ ಇಂದಿನ ದೊಡ್ಡಪ್ಪ.

ಅಮ್ಮನ ಮನೆಗೆ ಗೃಹಜ್ಯೋತಿ ಬಂದ ಮೇಲೆ ಬಿಲ್ ಸೊನ್ನೆ. ನಾನು ಇಷ್ಟೆಲ್ಲ ವಿವರಿಸಿದರೆ ಅವರು ‘ಪಾಪ’ ಎನ್ನುತ್ತಾರೆ.

ಸೋದರಮಾವನಿಂದ ಹೋದ ವಾರ ಒಪ್ಪಂದ ನವೀಕರಣದ ಪತ್ರ ಬಂದಿದೆ. ಅದೇ ಹಳೆಯ ಪ್ರಶ್ನೆಯನ್ನು ಮತ್ತೆ ಬರೆದು ಕಳಿಸಿದ್ದೇನೆ. ಇಂದಿಗೆ ಮೂರನೆಯ ದಿನ.